ನೋವಿಲ್ಲ ಅಂತ ಸುಮ್ಮನಿರಬೇಡಿ
(ಕುಷ್ಠರೋಗ ವಿರೋಧಿ ದಿನದಂದು ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಭಾಷಣದ ಸಾರಾಂಶ)



"ಸಿಸ್ಟರ್, ಕುಷ್ಠರೋಗ ಈಗ ಎಲ್ಲಿದೆ?" ಅಂತ ನೀವು ಕೇಳಬಹುದು. 2005ರ ಡಿಸೆಂಬರ್‌ನಲ್ಲಿ ನಮ್ಮ ದೇಶದಲ್ಲಿ ರೋಗಿಗಳ ಪ್ರಮಾಣ 10 ಸಾವಿರ ಜನರಿಗೆ ಒಬ್ಬರಿಗಿಂತ ಕಡಿಮೆಯಾಯಿತು, ನಿಜ. ಆದರೂ ಪ್ರಪಂಚದಲ್ಲಿ ವರ್ಷವರ್ಷ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರೇ.

ಈ ರೋಗದಲ್ಲಿ ಬೆರಳು ತಾನಾಗಿ ಕೊಳೆತು ಉದುರುತ್ತದೆ ಅಂತ ಹಿಂದೆ ಎಲ್ಲರೂ ನಂಬಿದ್ದರು. 1946ರಲ್ಲಿ ವೆಲ್ಲೂರಿಗೆ ಬಂದ ಡಾ. ಪಾಲ್ ಬ್ರಾಂಡ್ ರೋಗಿಗಳ ಕೈಕಾಲುಗಳನ್ನು ಗಮನಿಸಿ ನೋಡಿದರು. ರೋಗಾಣು ಮುಖ್ಯವಾಗಿ ಚರ್ಮ ಮತ್ತು ನರಗಳನ್ನು ಹಿಡಿಯುತ್ತದೆ. ನರ ಕೆಟ್ಟರೆ ನೋವು ಗೊತ್ತಾಗುವುದಿಲ್ಲ. ಬಿಸಿ ಪಾತ್ರೆ ಹಿಡಿದರೂ, ಮುಳ್ಳು ಚುಚ್ಚಿದರೂ ಅರಿವಿಲ್ಲ. ಗಾಯದ ಮೇಲೆ ಗಾಯವಾಗಿ, ಕೀವು ಮೂಳೆಗೆ ಇಳಿದು ಬೆರಳು ಸವೆಯುತ್ತದೆ. ನೋವು ದೇವರು ಕೊಟ್ಟ ಕಾವಲುಗಾರ ಅಂತ ನಮಗೆ ಅರ್ಥವಾಗುವುದು ಇಲ್ಲೇ.

ಮೊಣಕೈ ತಗುಲಿದಾಗ ಕರೆಂಟ್ ಹೊಡೆದಂತಾಗುತ್ತದಲ್ಲ, ಆ ನರವೇ ಹೆಚ್ಚಾಗಿ ಕೆಡುವುದು. ಅದು ಕೆಟ್ಟರೆ ಕಿರುಬೆರಳು, ಉಂಗುರ ಬೆರಳು ಮಡಚಿಕೊಳ್ಳುತ್ತವೆ. ಮೊಣಕಾಲಿನ ಪಕ್ಕದ ನರ ಕೆಟ್ಟರೆ ಪಾದ ಎತ್ತಲಾಗುವುದಿಲ್ಲ. ಮುಖದ ನರ ಕೆಟ್ಟರೆ ಕಣ್ಣು ಮುಚ್ಚಲಾಗುವುದಿಲ್ಲ.

ಉತ್ತರ ಪ್ರದೇಶದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇನ್ನೊಂದು ವಿಷಯ ತಿಳಿಸಿತು. ಮುಟ್ಟಿದ್ದು ಗೊತ್ತಾಗದ ಸ್ಥಿತಿ ಬರುವ ವಾರಗಟ್ಟಲೆ ಮೊದಲೇ ಅನೇಕರಲ್ಲಿ ಬಿಸಿಯ ಅರಿವು ಕುಗ್ಗಿರುತ್ತದೆ. ಅಂದರೆ ನಮಗೆ ಗೊತ್ತಾಗುವಷ್ಟರಲ್ಲಿ ನರ ಆಗಲೇ ಸೋತಿರುತ್ತದೆ. ಆದ್ದರಿಂದ ಒಂದು ದಿನವೂ ತಡ ಮಾಡಬಾರದು.

ಮೈಮೇಲೆ ತಿಳಿಬಣ್ಣದ ಅಥವಾ ಕೆಂಪನೆಯ ಮಚ್ಚೆ ಇದ್ದು ಅಲ್ಲಿ ಮುಟ್ಟಿದ್ದು ತಿಳಿಯದಿದ್ದರೆ, ಕೈಕಾಲು ಜೋಮು ಹಿಡಿದರೆ, ಕಾಲಿನಿಂದ ಚಪ್ಪಲಿ ಜಾರಿದ್ದು ಗೊತ್ತಾಗದಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿ ಕಣ್ಣು ಮುಚ್ಚಿಸಿ ಬಾಲ್‌ಪೆನ್ ತುದಿಯಿಂದ ಮುಟ್ಟಿ ನೋಡುತ್ತಾರೆ, ಅಷ್ಟೇ. ಎಂ.ಡಿ.ಟಿ. ಮಾತ್ರೆ ಉಚಿತ. 6 ಅಥವಾ 12 ತಿಂಗಳು ತಪ್ಪದೆ ನುಂಗಿದರೆ ರೋಗ ಗುಣವಾಗುತ್ತದೆ. ಮಾತ್ರೆ ಶುರುವಾದ ಮೇಲೆ ಬೇಗನೆ ಹರಡುವುದೂ ನಿಲ್ಲುತ್ತದೆ. ನರದ ದೌರ್ಬಲ್ಯ ಶುರುವಾಗಿ 6 ತಿಂಗಳೊಳಗೆ ಬಂದರೆ ಡಾಕ್ಟರು ಸ್ಟೆರಾಯ್ಡ್ ಮಾತ್ರೆ ಕೊಡುತ್ತಾರೆ, ಅನೇಕರಿಗೆ ಶಕ್ತಿ ಮರಳುತ್ತದೆ. ತಡವಾದರೆ ರೋಗ ವಾಸಿಯಾದರೂ ಜೋಮು ಉಳಿದುಬಿಡುತ್ತದೆ. ಅಂಥವರು ದಿನಾ ಪಾದ ನೀರಲ್ಲಿ ನೆನೆಸಿ, ಎಣ್ಣೆ ಹಚ್ಚಿ, ಗಾಯವಿದೆಯೇ ಅಂತ ಕಣ್ಣಿನಿಂದ ನೋಡಿಕೊಳ್ಳಬೇಕು. ಮೆತ್ತನೆಯ ಎಂ.ಸಿ.ಆರ್. ಚಪ್ಪಲಿಯನ್ನೇ ಹಾಕಬೇಕು. ಒಲೆಯಿಂದ ಪಾತ್ರೆ ಇಳಿಸಲು ಬಟ್ಟೆ ಬೇಕೇ ಬೇಕು.

ಹೆಣ್ಣುಮಕ್ಕಳು ಮಚ್ಚೆ ಮುಚ್ಚಿಡುವುದು ಯಾಕೆ? ಗಂಡ ಬಿಟ್ಟಾನು ಅನ್ನುವ ಹೆದರಿಕೆ. ಕೇಳಿ, 2019ರ ಕಾನೂನು ತಿದ್ದುಪಡಿಯಿಂದ ಕುಷ್ಠರೋಗ ವಿಚ್ಛೇದನಕ್ಕೆ ಕಾರಣವಲ್ಲ. ಕ್ರೈಸ್ತ, ಹಿಂದೂ, ಮುಸ್ಲಿಂ ವಿವಾಹ ಕಾನೂನುಗಳಿಂದ ಆ ಮಾತನ್ನೇ ತೆಗೆದುಹಾಕಿದ್ದಾರೆ. ಕಾನೂನು ಬದಲಾಯಿತು, ಇನ್ನು ನಮ್ಮ ಮನಸ್ಸು ಬದಲಾಗಬೇಕು. ಯೇಸುಸ್ವಾಮಿ ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದರು. ಮುಂದಿನ ವಾರದ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಬರೆದ ಮೇಲೆ ಹತ್ತು ನಿಮಿಷ ಒಬ್ಬರ ಕೈಕಾಲು ಇನ್ನೊಬ್ಬರು ನೋಡಿ. ಮಚ್ಚೆ ಕಂಡರೆ ಅವಳನ್ನು ಒಬ್ಬಳೇ ಕಳಿಸಬೇಡಿ, ಜೊತೆಗೆ ಹೋಗಿ.

ದೇವರು ನಿಮ್ಮನ್ನು ಆಶೀರ್ವದಿಸಲಿ.