ಬಿಚ್ಚದ ಮುಷ್ಟಿಗೆ ಹೊಸ ಮದ್ದು



ಯಾರದೋ ಕೈಕುಲುಕಿದ ಮೇಲೆ ನಿಮ್ಮ ಬೆರಳುಗಳು ಬಿಚ್ಚಿಕೊಳ್ಳದೆ ಹೋದರೆ ಹೇಗಿರುತ್ತದೆ, ಯೋಚಿಸಿ ನೋಡಿ. ಮಯೋಟಾನಿಕ್ ಡಿಸ್ಟ್ರೋಫಿ ಎಂಬ ಆನುವಂಶಿಕ ಕಾಯಿಲೆಯುಳ್ಳವರಿಗೆ ಇದು ದಿನನಿತ್ಯದ ಪಾಡು. ಚಮಚವಾಗಲಿ, ಬಸ್ಸಿನ ಕಂಬಿಯಾಗಲಿ, ಹಿಡಿದದ್ದನ್ನು ಕೂಡಲೇ ಬಿಡಲಾಗದು. ವರ್ಷಗಳು ಕಳೆದಂತೆ ಸ್ನಾಯುಗಳು ಕ್ಷೀಣಿಸುತ್ತವೆ. ಹೃದಯದ ಲಯವೂ ತಪ್ಪಬಹುದು.

ಇದರ ಮೂಲ ತಿಳಿದದ್ದು 1992ರಲ್ಲಿ. ಡಿ.ಎಂ.ಪಿ.ಕೆ. ಎಂಬ ಜೀನಿನ ಕೊನೆಯ ಭಾಗದಲ್ಲಿ ಸಿ.ಟಿ.ಜಿ. ಎಂಬ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ. ಸಾಮಾನ್ಯರಲ್ಲಿ 5ರಿಂದ 34 ಸಲ. ರೋಗಿಗಳಲ್ಲಿ 50ಕ್ಕೂ ಮೇಲೆ, ಕೆಲವರಲ್ಲಿ ಸಾವಿರಕ್ಕೂ ಹೆಚ್ಚು. ಇದರಿಂದ ನಕಲಾದ ಉದ್ದನೆಯ ಆರ್‌ಎನ್‌ಎ ಕೋಶಕೇಂದ್ರದಲ್ಲಿ ಗಂಟುಕಟ್ಟಿಕೊಂಡು, ಬೇರೆ ಕೆಲಸಕ್ಕೆ ಬೇಕಾದ ಪ್ರೋಟೀನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಸ್ನಾಯುವನ್ನು ಸಡಿಲಿಸುವ ಕ್ಲೋರೈಡ್ ನಾಳಗಳು ಆಗ ಸರಿಯಾಗಿ ತಯಾರಾಗುವುದಿಲ್ಲ.

ಆ ಆರ್‌ಎನ್‌ಎಗೆ ಹೊಂದುವ, ಸುಮಾರು 20 ಅಕ್ಷರಗಳ ಪುಟ್ಟ ಜೋಡಿ ಎಳೆಯೊಂದು ಕೋಶದೊಳಗೆ ಸೇರಿದರೆ ಸಾಕು, ಕೋಶವೇ ಅದನ್ನು ಕತ್ತರಿಸಿಹಾಕುತ್ತದೆ. ಈ ತತ್ತ್ವದ ಮೊದಲ ಔಷಧ 2018ರಲ್ಲೇ ಬಂತು. ಆದರೆ ಅದು ಕೆಲಸ ಮಾಡಿದ್ದು ಯಕೃತ್ತಿನಲ್ಲಿ. ಬರಿಯ ಎಳೆ ಸ್ನಾಯುವಿನೊಳಕ್ಕೆ ಹೋಗದು. ಬುತ್ತಿಯೇನೋ ಸಿದ್ಧವಾಗಿತ್ತು, ಒಯ್ಯುವವರಿರಲಿಲ್ಲ.

ಆ ಕೆಲಸಕ್ಕೆ ಪ್ರತಿಕಾಯವನ್ನು ಹಚ್ಚಿದರು. ಕಬ್ಬಿಣದ ಅಂಶವನ್ನು ಒಳಗೆಳೆದುಕೊಳ್ಳಲು ಸ್ನಾಯುಕೋಶದ ಮೇಲೆ ಟ್ರಾನ್ಸ್‌ಫೆರಿನ್ ಗ್ರಾಹಿ ಎಂಬ ಬಾಗಿಲಿದೆ. ಅದನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯಕ್ಕೆ ಪುಟ್ಟ ಎಳೆಯನ್ನು ರಾಸಾಯನಿಕ ಕೊಂಡಿಯಿಂದ ಜೋಡಿಸುತ್ತಾರೆ. ಕೋಶವು ಪ್ರತಿಕಾಯವನ್ನು ಒಳಗೆಳೆದುಕೊಂಡಾಗ ಎಳೆಯೂ ಒಳಸೇರುತ್ತದೆ. ಹೀಗೆ ಸೇರಿದ್ದರಲ್ಲಿ ಬಹುಪಾಲು ಕೋಶದ ಚೀಲಗಳಲ್ಲೇ ಸಿಕ್ಕಿಬೀಳುತ್ತದೆ. ತಪ್ಪಿಸಿಕೊಂಡ ಅಲ್ಪಭಾಗವೇ ಇಷ್ಟೆಲ್ಲ ಕೆಲಸ ಮಾಡುವುದು ನನಗಂತೂ ಸೋಜಿಗ.

ಅಮೆರಿಕದ ಅವಿಡಿಟಿ ಸಂಸ್ಥೆ ರೂಪಿಸಿದ ಡೆಲ್‌ಡೆಸಿರಾನ್ ಇಂಥದ್ದೇ ಔಷಧ. ಮೊದಲ ಪ್ರಯೋಗದಲ್ಲಿ ರೋಗಿಗಳ ಸ್ನಾಯುವಿನಲ್ಲಿದ್ದ ಆ ಆರ್‌ಎನ್‌ಎ ಸರಾಸರಿ ಶೇಕಡಾ 40ರಷ್ಟು ಇಳಿಯಿತು. ಮುಷ್ಟಿ ಬೇಗ ಬಿಚ್ಚಿಕೊಳ್ಳುವ ಲಕ್ಷಣವೂ ಕಂಡಿತು. ಆದರೆ ಅದೇ ಬಾಗಿಲು ರಕ್ತಕಣಗಳಾಗಿ ಬೆಳೆಯುವ ಕೋಶಗಳಲ್ಲೂ ಉಂಟು. ಆದ್ದರಿಂದ ಹಿಮೋಗ್ಲೋಬಿನ್ ಮೇಲೆ ಕಣ್ಣಿಡಲೇಬೇಕು. 2022ರಲ್ಲಿ ಪ್ರಯೋಗದಲ್ಲಿದ್ದ ಒಬ್ಬರಿಗೆ ಮಿದುಳಿನ ರಕ್ತಸಂಚಾರದಲ್ಲಿ ಗಂಭೀರ ತೊಂದರೆ ಕಾಣಿಸಿ, ಹೊಸಬರನ್ನು ಸೇರಿಸಿಕೊಳ್ಳದಂತೆ ಅಲ್ಲಿನ ಔಷಧ ನಿಯಂತ್ರಣ ಇಲಾಖೆ ತಡೆಹಾಕಿತು. ತಡೆ ಪೂರ್ತಿ ತೆರವಾದದ್ದು 2024ರಲ್ಲಿ.

ಅದೇ ವರ್ಷ ಶುರುವಾದ ದೊಡ್ಡ ಪ್ರಯೋಗಕ್ಕೆ ಆರಿಸಿಕೊಂಡ ಮುಖ್ಯ ಅಳತೆ ಬಲು ಸರಳ. ರೋಗಿ ಮುಷ್ಟಿ ಬಿಗಿಹಿಡಿಯಬೇಕು, ನಂತರ ಬಿಡಬೇಕು. ಬೆರಳುಗಳು ಪೂರ್ತಿ ಬಿಚ್ಚಿಕೊಳ್ಳಲು ಎಷ್ಟು ಸೆಕೆಂಡು ಹಿಡಿಯಿತೆಂದು ವಿಡಿಯೋ ನೋಡಿ ಎಣಿಸುತ್ತಾರೆ.