ಬಣ್ಣ ಒಂದೇ, ಭಾಷೆ ಒಂದೇ, ಆದರೂ ಪರಕೀಯರು



ವಲಸೆ ಬಂದವರನ್ನು ಊರಿನವರು ಏಕೆ ಹಳಿಯುತ್ತಾರೆ? ಭಾಷೆ ಬೇರೆ, ಬಣ್ಣ ಬೇರೆ, ದೇವರು ಬೇರೆ ಎಂಬ ಉತ್ತರ ನಮ್ಮ ನಾಲಗೆಯ ತುದಿಯಲ್ಲೇ ಇರುತ್ತದೆ. ಈ ಉತ್ತರ ಸಾಲದೆಂದು ತೋರಿಸಿಕೊಟ್ಟ ಕಾದಂಬರಿಯೊಂದರ ಬಗ್ಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅಮೆರಿಕದ ಜಾನ್ ಸ್ಟೈನ್‌ಬೆಕ್ 1939ರಲ್ಲಿ ಪ್ರಕಟಿಸಿದ ‘ದಿ ಗ್ರೇಪ್ಸ್ ಆಫ್ ರಾತ್’ ಆ ಕೃತಿ.

ಒಕ್ಲಹೋಮ ರಾಜ್ಯದ ಜೋಡ್ ಮನೆತನ ಗೇಣಿ ರೈತರದು. ಬರ, ದೂಳು, ಸಾಲ ಸಾಲದೆಂಬಂತೆ ಹೊಲಕ್ಕೆ ಟ್ರಾಕ್ಟರ್ ಬರುತ್ತದೆ. ಹನ್ನೆರಡು ಹದಿನಾಲ್ಕು ಕುಟುಂಬಗಳ ಜಾಗಕ್ಕೆ ಒಬ್ಬ ಚಾಲಕ ಸಾಕು. ನಮ್ಮ ಕಡೆ ‘ಗುಳೆ’ ಎನ್ನುತ್ತಾರಲ್ಲ, ಹಾಗೆ ಇಡೀ ಮನೆ ಹಳೆಯ ಮೋಟಾರಿಗೆ ಸಾಮಾನು ಹೇರಿಕೊಂಡು ಕ್ಯಾಲಿಫೋರ್ನಿಯಕ್ಕೆ ಹೊರಡುತ್ತದೆ. ಅಜ್ಜ, ಅಜ್ಜಿ ದಾರಿಯಲ್ಲೇ ತೀರಿಕೊಳ್ಳುತ್ತಾರೆ.

ಇವರೆಲ್ಲ ಬಿಳಿಯರು, ಕ್ರೈಸ್ತರು, ಇಂಗ್ಲಿಷ್ ಆಡುವವರು, ಅದೇ ದೇಶದ ಪ್ರಜೆಗಳು. ಆದರೂ ಅಲ್ಲಿ ಅವರಿಗೆ ಸಿಗುವ ಹೆಸರು ‘ಓಕಿ’. ಒಕ್ಲಹೋಮದವನು ಎಂಬಷ್ಟೇ ಅರ್ಥವಿದ್ದ ಪದ ಬೈಗುಳವಾಗಿರುತ್ತದೆ.

ಈ ಬೈಗುಳದ ಹಿಂದೆ ಒಂದು ಲೆಕ್ಕಾಚಾರವಿದೆ. ತೋಟದ ಮಾಲೀಕನಿಗೆ ಬೇಕಾದದ್ದು 800 ಆಳು; ಅಚ್ಚು ಹಾಕಿಸುವುದು 5,000 ಕರಪತ್ರ. ಹಸಿದವರು ಹೆಚ್ಚಿದಷ್ಟೂ ಕೂಲಿ ಇಳಿಯುತ್ತದೆ. ಒಂದು ಪೆಟ್ಟಿಗೆ ಪೀಚ್ ಹಣ್ಣು ಕಿತ್ತರೆ ಜೋಡ್ ಮನೆಯವರಿಗೆ ಐದು ಸೆಂಟ್. ಬೇಲಿಯಾಚೆ ಮುಷ್ಕರ ಹೂಡಿದವರಿಗೆ ಕೊಡಲು ಹೊರಟಿದ್ದು ಎರಡೂವರೆ. ಎದುರಿನವನು ಮನುಷ್ಯನೇ ಅಲ್ಲ ಎಂದುಕೊಂಡರೆ ಎರಡೂವರೆ ಸೆಂಟ್ ಕೊಡುವುದು ಸುಲಭ. ತಿರಸ್ಕಾರ ಕೂಲಿಯನ್ನು ಅಗ್ಗವಾಗಿಡುವ ಸಾಧನ ಎಂಬುದೇ ಕಾದಂಬರಿಯ ತಿರುಳು.

ಇದು ಬರೀ ಕಲ್ಪನೆಯಲ್ಲ. 1936ರಲ್ಲಿ ಲಾಸ್ ಏಂಜಲೀಸ್ ಪೊಲೀಸರು ರಾಜ್ಯದ ಗಡಿಗೇ ಹೋಗಿ ಕಾಸಿಲ್ಲದವರನ್ನು ಹಿಂದಕ್ಕಟ್ಟಿದ್ದರು. ಅದೇ ವರ್ಷ ಸ್ಟೈನ್‌ಬೆಕ್ ‘ಸ್ಯಾನ್ ಫ್ರಾನ್ಸಿಸ್ಕೊ ನ್ಯೂಸ್’ ಪತ್ರಿಕೆಗಾಗಿ ವಲಸಿಗರ ಬಿಡಾರಗಳನ್ನು ಸುತ್ತಿ ಲೇಖನಮಾಲೆ ಬರೆದ. ಕಾದಂಬರಿ ಬಂದಾಗ ಕರ್ನ್ ಕೌಂಟಿಯ ಆಡಳಿತ ಶಾಲೆ, ಗ್ರಂಥಾಲಯಗಳಲ್ಲಿ ಅದನ್ನು ನಿಷೇಧಿಸಿತು. ಅಲ್ಲಿ ಪ್ರತಿಯನ್ನು ಸುಟ್ಟದ್ದೂ ಉಂಟು. ಮರುವರ್ಷ ಅದೇ ಕೃತಿಗೆ ಪುಲಿಟ್ಜರ್ ಪ್ರಶಸ್ತಿ ಬಂತು.

1941ರಲ್ಲಿ ಎಡ್ವರ್ಡ್ಸ್ ಎಂಬಾತನ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಟೆಕ್ಸಾಸಿನಿಂದ ನಿರುದ್ಯೋಗಿ ಭಾವಮೈದುನನನ್ನು ಕ್ಯಾಲಿಫೋರ್ನಿಯಕ್ಕೆ ಕರೆತಂದದ್ದೇ ಅವನ ಅಪರಾಧ! ಬಡವರನ್ನು ಪಿಡುಗಿನಂತೆ ಗಡಿಯಾಚೆ ನಿಲ್ಲಿಸಬಹುದೆಂಬ ಹಳೆಯ ವಾದವನ್ನು ಕೋರ್ಟು ಒಪ್ಪಲಿಲ್ಲ. ಆ ಕಾನೂನು ಬಿದ್ದುಹೋಯಿತು.

ಕಾದಂಬರಿಗೂ ಒಂದು ಕುರುಡಿದೆ. ಓಕಿಗಳಿಗಿಂತ ಮೊದಲೇ ಅದೇ ತೋಟಗಳಲ್ಲಿ ಬೆನ್ನು ಬಗ್ಗಿಸಿದ್ದ ಮೆಕ್ಸಿಕೊ, ಫಿಲಿಪೀನ್ಸ್ ಮೂಲದವರು ಅದರಲ್ಲಿ ಕಾಣುವುದೇ ಅಪರೂಪ. ಓಕಿಗಳ ಮೇಲೆ ಬಿದ್ದ ತಿರಸ್ಕಾರವನ್ನು ಮೊದಲು ಉಂಡವರು ಅವರೇ.

ನಾನು ವರದಿಗಾರ. ವಲಸೆ ಎಂದೊಡನೆ ಎಷ್ಟು ಜನ ಎಂದು ಕೇಳುವುದು ನಮ್ಮ ವೃತ್ತಿಯ ಅಭ್ಯಾಸ. ಯಾರ ಲಾಭಕ್ಕೆ ಈ ತಿರಸ್ಕಾರ ಎಂದೂ ಕೇಳಬೇಕೆಂಬುದನ್ನು ನನಗೆ ಕಲಿಸಿದ್ದು ಜೋಡ್ ಮನೆಯವರ ಕತೆ.