ಕಡಲಾಚೆಯ ಕಾಡಿನಲ್ಲಿ ಕ್ಯಾಮೆರಾ



ಆನೆಗಳ ಹಿಂಡೊಂದು ಕೆರೆಯಂಗಳಕ್ಕೆ ಇಳಿಯುವ ದೃಶ್ಯವನ್ನು ನೀವು ತೆರೆಯ ಮೇಲೆ ಎರಡು ನಿಮಿಷ ನೋಡುತ್ತೀರಿ. ಅದಕ್ಕಾಗಿ ನಾವು ತಿಂಗಳುಗಟ್ಟಲೆ ಕಾಗದದ ಮೇಲೆ ಕೆಲಸ ಮಾಡಿರುತ್ತೇವೆ. ಉಷ್ಣವಲಯದ ಪರದೇಶವಾದರೆ ಈ ಕೆಲಸ ಇಮ್ಮಡಿ. ನೆರೆಯ ಶ್ರೀಲಂಕೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಮೊದಲು ನೋಡಬೇಕಾದದ್ದು ಮಳೆಯ ಲೆಕ್ಕ. ಆ ಪುಟ್ಟ ದ್ವೀಪಕ್ಕೆ ಎರಡು ಮುಂಗಾರುಗಳಿವೆ ಎನ್ನಬಹುದು. ಮೇ ತಿಂಗಳಿನಿಂದ ನೈಋತ್ಯ ಮಾರುತ ಒಂದು ಮಗ್ಗುಲನ್ನು ತೋಯಿಸಿದರೆ, ಡಿಸೆಂಬರಿನ ಹೊತ್ತಿಗೆ ಈಶಾನ್ಯ ಮಾರುತ ಇನ್ನೊಂದು ಮಗ್ಗುಲಿಗೆ ಮಳೆ ತರುತ್ತದೆ. ಮಹಾಸೇನ ರಾಜ ಕಟ್ಟಿಸಿದ ಮಿನ್ನೇರಿಯ ಕೆರೆಗೆ ಆನೆಗಳು ನೂರಾರು ಸಂಖ್ಯೆಯಲ್ಲಿ ಬರುವುದು ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್‌ವರೆಗಿನ ಒಣ ತಿಂಗಳುಗಳಲ್ಲಿ. ಆಗ ನೀರು ಇಳಿದು, ಕೆರೆಯಂಗಳದಲ್ಲಿ ಎಳೆಹುಲ್ಲು ಚಿಗುರುತ್ತದೆ. ನೀರು ಇಳಿಯದಿದ್ದರೆ ಹುಲ್ಲಿಲ್ಲ, ಹುಲ್ಲಿಲ್ಲದಿದ್ದರೆ ಆನೆಯಿಲ್ಲ. ಆದ್ದರಿಂದ ವಿಮಾನದ ಟಿಕೆಟ್ ಕೊಳ್ಳುವ ಮೊದಲು ಕೆರೆಯ ನೀರಿನ ಮಟ್ಟವನ್ನು ವಿಚಾರಿಸಬೇಕು. ನೈಋತ್ಯ ಭಾಗದ ಸಿಂಹರಾಜ ಮಳೆಕಾಡು 1988ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ನಮ್ಮ ಪಶ್ಚಿಮ ಘಟ್ಟಕ್ಕೆ ಅದು ಜೀವಸಂಪತ್ತಿನಲ್ಲಿ ಬಂಧು. ಎರಡನ್ನೂ ಒಂದೇ ಪ್ರವಾಸದಲ್ಲಿ ಚಿತ್ರೀಕರಿಸಲು ಆಗಸ್ಟ್-ಸೆಪ್ಟೆಂಬರ್ ಅನುಕೂಲ. ಮಿನ್ನೇರಿಯಕ್ಕೆ ವನ್ಯಜೀವಿ ಇಲಾಖೆಯ ಅನುಮತಿ ಬೇಕು, ಸಿಂಹರಾಜಕ್ಕೆ ಅರಣ್ಯ ಇಲಾಖೆಯದು.

ಎರಡನೆಯದು ಸಾಮಾನು. ಕ್ಯಾಮೆರಾ, ಮಸೂರಗಳನ್ನು ಸುಂಕವಿಲ್ಲದೆ ಒಯ್ದು ಮರಳಿ ತರಲು ‘ಎ.ಟಿ.ಎ. ಕಾರ್ನೆ’ ಎಂಬ ದಾಖಲೆಯಿದೆ. ಅದರಲ್ಲಿ ಪ್ರತಿಯೊಂದು ವಸ್ತುವನ್ನೂ ನಮೂದಿಸಬೇಕು. ಲಿಥಿಯಂ ಬ್ಯಾಟರಿಯ ಲೆಕ್ಕವನ್ನು ನೀವೇ ಮಾಡಬಲ್ಲಿರಿ: 14.4 ವೋಲ್ಟನ್ನು 6.6 ಆಂಪಿಯರ್-ಗಂಟೆಯಿಂದ ಗುಣಿಸಿದರೆ ಸುಮಾರು 95 ವ್ಯಾಟ್-ಗಂಟೆ. ನೂರರೊಳಗಿನ ಬಿಡಿ ಬ್ಯಾಟರಿಗಳನ್ನು ಕೈಚೀಲದಲ್ಲಿ ಒಯ್ಯಬಹುದು. ನೂರು ದಾಟಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು.

ಮೂರನೆಯದು ತೇವಾಂಶ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡಾ 80 ಆರ್ದ್ರತೆ ಇದ್ದರೆ ಗಾಳಿಯ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ಹವಾನಿಯಂತ್ರಿತ ಕೋಣೆಯಲ್ಲಿ 20 ಡಿಗ್ರಿಗೆ ತಣಿದ ಮಸೂರವನ್ನು ಹೊರಗೆ ತಂದೊಡನೆ ಮಂಜು ಕವಿಯುತ್ತದೆ. ಸೂರ್ಯೋದಯ ನಿಮಗಾಗಿ ಕಾಯುವುದಿಲ್ಲ. ಕ್ಯಾಮೆರಾವನ್ನು ಬಿಗಿಯಾದ ಚೀಲದಲ್ಲಿಟ್ಟು, ಮುಂಚಿತವಾಗಿಯೇ ಹೊರಗಿರಿಸಿ ಬೆಚ್ಚಗಾಗಲು ಬಿಡಬೇಕು.

ಇಷ್ಟೆಲ್ಲ ಕಲಿತಿದ್ದ ನಾನು ಒಮ್ಮೆ ದೊಡ್ಡ ತಪ್ಪು ಮಾಡಿದೆ. ಖರ್ಚು ಉಳಿಸಲು, ಮಳೆಗೆಂದು ಮೀಸಲಿಟ್ಟಿದ್ದ ಎರಡು ದಿನಗಳನ್ನು ಪಟ್ಟಿಯಿಂದ ಹೊಡೆದುಹಾಕಿದ್ದೆ. ಕೊನೆಯ ದಿನ ಕಾಡಿನ ಹಳ್ಳವೊಂದನ್ನು ದಾಟಬೇಕಿತ್ತು. ನೀರು ಕಣಕಾಲು ಮಟ್ಟ. ತಲೆಯ ಮೇಲೆ ಬಿಸಿಲು. ಸ್ಥಳೀಯ ಮಾರ್ಗದರ್ಶಿ ಬೇಡವೆಂದರು. “ಐದೇ ನಿಮಿಷ” ಎಂದು ನಾನು ಹಟ ಹಿಡಿದೆ. ಆ ಹಿರಿಯರು ಮಾತಾಡದೆ ದಾರಿಗೆ ಅಡ್ಡ ನಿಂತು ನೀರಿನತ್ತ ಬೆರಳು ತೋರಿಸಿದರು. ತಿಳಿಯಾಗಿದ್ದ ನೀರು ಕೆಂಪಾಗಿತ್ತು, ತರಗೆಲೆ ತೇಲಿಬರುತ್ತಿತ್ತು. ಮೇಲೆ ಬೆಟ್ಟದಲ್ಲಿ ಮಳೆ ಬಿದ್ದಿತ್ತು! ಅರ್ಧ ಗಂಟೆಯೊಳಗೆ ಹಳ್ಳ ಎದೆಮಟ್ಟ ಹರಿಯಿತು. ಸಲಕರಣೆ ಹೊತ್ತು ಮೊದಲು ಇಳಿಯಬೇಕಾಗಿದ್ದವರು ಅದೇ ಊರಿನ ಇಬ್ಬರು ಹುಡುಗರು, ನಾನಲ್ಲ. ಆ ದೃಶ್ಯ ನಮ್ಮ ಚಿತ್ರದಲ್ಲಿ ಇಲ್ಲ. ಅದಕ್ಕಾಗಿ ನನಗೆ ವಿಷಾದವೂ ಇಲ್ಲ.

1976ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ‘ಅಪೊಕ್ಯಾಲಿಪ್ಸ್ ನೌ’ ಚಿತ್ರದ ಸೆಟ್‌ಗಳನ್ನು ಚಂಡಮಾರುತ ಧ್ವಂಸ ಮಾಡಿತು. ಚಿತ್ರೀಕರಣ ಮುಗಿದದ್ದು 1977ರಲ್ಲಿ. ಹೆಸರಾಂತ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾಗೂ ಮಳೆಗಾಳಿ ರಿಯಾಯಿತಿ ಕೊಡಲಿಲ್ಲ.

ಮಿತ್ರರೇ, ಯೋಜನೆ ಎಂದರೆ ಎಲ್ಲವೂ ನಮ್ಮ ಪಟ್ಟಿಯಂತೆಯೇ ನಡೆಯುವುದು ಎಂದಲ್ಲ. ನಡೆಯದಿದ್ದಾಗ ಯಾರ ಜೀವಕ್ಕೂ ಕುತ್ತು ಬಾರದಂತೆ ಮೊದಲೇ ಎರಡು ದಿನ ತೆಗೆದಿಡುವುದು. ಮುಂದೆ ನಿಮ್ಮಲ್ಲಿ ಯಾರಾದರೂ ಕ್ಯಾಮೆರಾ ಹಿಡಿದು ಕಡಲು ದಾಟಿದರೆ, ಆ ನೆಲದಲ್ಲಿ ಹುಟ್ಟಿ ಬೆಳೆದವರ ಮಾತನ್ನು ಮೊದಲು ಕೇಳಿ.